ವಕಾರ್ ಪೌಡರ್ ಹಚ್ಚುವುದಿಲ್ಲ

ಕಮಲಾಪುರದ ವಕಾರ್ ದಿನಾ ಬಸ್ಸು ಹಿಡಿದು ಕಲಬುರಗಿಗೆ ಬರುತ್ತಾನೆ. ಖೂಬಾ ಪ್ಲಾಟ್ ಬಡಾವಣೆಯ ಬಂದೇನವಾಜರ ಸಲೂನಿನಲ್ಲಿ ಅವನಿಗೆ ಕೆಲಸ. ಗಡ್ಡ ತೆಗೆಯುವಾಗ ಗಿರಾಕಿಗೆ ನಿದ್ದೆ ಹತ್ತಬೇಕು, ಅಷ್ಟು ಹಗುರ ಅವನ ಕೈ. ಆದರೆ ಕೊನೆಗೆ ಪೌಡರ್ ಮಾತ್ರ ಹಚ್ಚುವುದಿಲ್ಲ. ಗಿರಾಕಿಗಳು ಗೊಣಗುತ್ತಿದ್ದರು. "ಇನ್ನೊಬ್ಬ ಸಿಟ್ಟಾಗಿ ಹೋದ್ರ ನೀನೂ ಅವನ ಹಿಂದ ನಡಿ" ಎಂದು ಬಂದೇನವಾಜ್ ಹೇಳಿಯಾಗಿತ್ತು. ಮನೆಯಲ್ಲಿ ಹೆಂಡತಿ ಆಸ್ಫಿಯಾ ಬಸುರಿ. ಆ ಕೆಲಸ ಹೋದರೆ ಬೇರೆ ದಾರಿಯಿರಲಿಲ್ಲ.

ಅಂಥದ್ದರಲ್ಲಿ ಅವನ ಊರಿನ ಸಾಯಬಣ್ಣ ಬಂದು ಕುರ್ಚಿಯಲ್ಲಿ ಕೂತ. ಬೈಕಿನಿಂದ ಬಿದ್ದು ದವಡೆ ನೀಲಿಗಟ್ಟಿತ್ತು. ಅವತ್ತೇ ಮಧ್ಯಾಹ್ನ ಅವನ ಮಗಳು ಪ್ರೀತಿಯ ಮದುವೆ ನಿಶ್ಚಯ.

"ಪೌಡರ್ ದಪ್ಪಗ ಬಡಿಯಪ್ಪ. ಇಲ್ಲಂದ್ರ ಹೆಂಡತಿ ಹೊಡದಾಳಂತ ಬೀಗರು ನಗ್ತಾರ."

"ಅದೊಂದು ಬ್ಯಾಡ್ರಿ ಕಾಕಾ."

"ಯಾಕ? ಊರಾಗ ನಿಮ್ಮಪ್ಪ ಗಡ್ಡ ತೆಗದು ಹಚ್ತಿದ್ದನಲ್ಲ. ಪರದೇಶಕ್ಕ ಹೋಗಿ ಬಂದು ಧಿಮಾಕು ಬಂತೇನು?"

ಪಕ್ಕದ ಕುರ್ಚಿಯ ಹತ್ತಿರ ಬಂದೇನವಾಜರ ಕತ್ತರಿ ನಿಂತಿತು. ವಕಾರ್ ದವಡೆಯ ನೀಲಿಯನ್ನೇ ನೋಡುತ್ತ ಮಾತಾಡಿದ. ಈ ತನಕ ಆಸ್ಫಿಯಾಳಿಗೂ ಹೇಳಿರದ ಮಾತು.

ಪರದೇಶದ ಸೈನಿಕರ ಕ್ಯಾಂಪಿನಲ್ಲಿ ಸಲೂನು ಕೆಲಸ ಎಂದು ಏಜೆಂಟ್ ಅವನನ್ನು ಕಳಿಸಿದ್ದ. ಇಳಿದದ್ದು ಆ ಸೈನ್ಯ ಯುದ್ಧದಲ್ಲಿ ಗೆದ್ದು ಹಿಡಿದುಕೊಂಡಿದ್ದ ಪರರ ಊರಿನಲ್ಲಿ. ಒಂದು ಬೆಳಿಗ್ಗೆ ಸೈನಿಕರು ಅವನನ್ನು ತಮ್ಮ ಕೋರ್ಟಿಗೆ ಕರೆದುಕೊಂಡು ಹೋದರು. ಕೈಗೆ ಕೋಳ ಹಾಕಿದ ಹುಡುಗನೊಬ್ಬ, ಎದುರು ಪಕ್ಷದ ಸಿಪಾಯಿ, ಕೂತಿದ್ದ. ಗಡ್ಡ ತೆಗಿ ಎಂದು ಸನ್ನೆ ಮಾಡಿದರು. ಗಡ್ಡದ ಕೆಳಗೆ ಅಂಗೈಯಗಲ ಬಾಸುಂಡೆಯಿತ್ತು.

"ಗಡ್ಡ ತೆಗದೆ. ಆಮ್ಯಾಲೆ ಪೌಡರ್ ಹಚ್ಚಿಬಿಟ್ಟೆ ಕಾಕಾ. ಯಾರೂ ಹಚ್ಚಂತ ಹೇಳಿರಲಿಲ್ಲ. ಸಣ್ಣಂದಿಂದ ರೂಢಿ, ಕೈ ತಾನಾಗೇ ಹೋಯ್ತು. ಬಾಸುಂಡಿ ಮುಚ್ಚಿ ಹೋಯ್ತು. ಆ ಹುಡುಗ ಕಣ್ಣು ಮುಚ್ಚಿ ತಲಿ ನನ್ನ ಕೈಯಾಗ ಬಿಟ್ಟಿದ್ದ, ನಮ್ಮ ಗಿರಾಕಿಗಳ ಹಂಗ."

ಆಮೇಲೆ ದೀಪ ಹಚ್ಚಿ ಕ್ಯಾಮೆರಾ ಇಟ್ಟರು. ನ್ಯಾಯಾಧೀಶ ಮರಣದಂಡನೆ ಓದಿದ. ಆ ವಿಡಿಯೊವನ್ನು ಊರೂರಿಗೆ ತೋರಿಸಿದರು: ನಮ್ಮ ವಿರುದ್ಧ ನಿಂತವರಿಗೆ ಇದೇ ಗತಿ, ಆದರೂ ನೋಡಿ, ನಾವು ಕೈದಿಯ ಮೈಮೇಲೆ ಒಂದು ಗೀರೂ ಹಾಕಿಲ್ಲ.

"ಆ ಹುಡುಗ ಈಗ?" ಸಾಯಬಣ್ಣ ಕೇಳಿದ.

"ಗೊತ್ತಿಲ್ರಿ. ದಿನಾ ಫೋನಿನಾಗ ಹುಡುಕ್ತೀನಿ. ಅದೇ ವಿಡಿಯೊ ಬರ್ತದ. ಬೆಳ್ಳನ ಗಲ್ಲ."

ಸಾಯಬಣ್ಣ ಕನ್ನಡಿಯಲ್ಲಿ ತನ್ನ ದವಡೆ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಆದ್ರ ಇವತ್ತು ನನ್ನ ಮಗಳ ನಿಶ್ಚಯ ಅದಲ್ಲಪ್ಪ" ಎಂದ.

ಬಂದೇನವಾಜ್ ಪೌಡರ್ ಡಬ್ಬಿ ತೆಗೆದುಕೊಂಡು ಬಂದರು. "ನೀ ಹೊರಗ ಹೋಗು" ಎಂದು ವಕಾರ್‌ಗೆ ಹೇಳಿ, ತಾವೇ ಹಚ್ಚಿದರು.

ಈಗ ಅದೇ ಪದ್ಧತಿಯಾಗಿದೆ. ಕೆಲಸ ಉಳಿಯಿತು. ವಕಾರ್ ಗಡ್ಡ ತೆಗೆದು ರಸ್ತೆಗೆ ಹೋಗಿ ನಿಲ್ಲುತ್ತಾನೆ. ಉಳಿದದ್ದು ಬಂದೇನವಾಜ್ ಮುಗಿಸುತ್ತಾರೆ. ಗಿರಾಕಿ ಹೊರಬಂದು ಮಾತಾಡಿಸಿದರೆ ವಕಾರ್ ಉತ್ತರ ಕೊಡುತ್ತಾನೆ, ಪೌಡರ್ ಹಚ್ಚಿದ ಮುಖ ಮಾತ್ರ ನೋಡುವುದಿಲ್ಲ.