ಸುಮ್ಮನೆ ನಿಂತದ್ದಕ್ಕೆ ವನ್ಸ್ ಮೋರ್

ಹಾಡಿಗೆ ವನ್ಸ್ ಮೋರ್ ಬೀಳುವುದು ಹುಬ್ಬಳ್ಳಿಯ ನಾಟಕಗಳಲ್ಲಿ ಹೊಸದಲ್ಲ. ಸತ್ತು ಬಿದ್ದ ರಾಜನೂ ಎದ್ದು ಕುಳಿತು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಾನೆ. ಆದರೆ ಬಾಯಿ ಬಿಡದೆ ನಿಂತದ್ದಕ್ಕೆ ವನ್ಸ್ ಮೋರ್? ಹೋದ ರವಿವಾರ ಅದನ್ನೂ ಕೇಳಿದೆ. ಮನಸ್ಸು ಇನ್ನೂ ಸ್ವಸ್ಥವಾಗಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ದುರ್ಗದಬೈಲಿನ ಹತ್ತಿರ ಬಿಡಾರ ಹೂಡಿರುವ ನಾಟಕ ಕಂಪನಿಯವರು ಮ್ಯಾಟ್ರಿಕ್ ಮಕ್ಕಳಿಗಾಗಿ ಅವರ ಪಠ್ಯದ ನಾಟಕವನ್ನೇ ಮಧ್ಯಾಹ್ನ ಆಡಿದರು. ಕಮರಿಪೇಟೆಯ ನಮ್ಮ ಓಣಿಯ ಹತ್ತಿ ವ್ಯಾಪಾರಿ ಚನ್ನಬಸಪ್ಪನವರ ಮಗಳು ಶಾಂತವ್ವ ಆ ವರ್ಗದವಳು. ಮುಗದ ಊರಿನ ಒಂದು ಮನೆತನಕ್ಕೆ ಅವಳ ಮದುವೆ ಗೊತ್ತಾಗಿದೆ. ಪರೀಕ್ಷೆಗೆ ಮೊದಲೇ ಅಕ್ಷತೆ. (ಅಂದರೆ ಪರೀಕ್ಷೆ ಇಲ್ಲ.)

"ಸಾಲಿ ಬಿಡೂಕಿಂತ ಮೊದಲ ಒಂದು ನಾಟಕರ ನೋಡ್ಲಿ ಅಂತ ಕರ್ಕೊಂಡು ಹೊಂಟೇನಿ. ನೀವೂ ಬರ್ರಿ" ಎಂದರು ಚನ್ನಬಸಪ್ಪ. ಹೋದೆ.

ತಗಡಿನ ಮಾಡಿನ ತೂತುಗಳಿಂದ ಬಿಸಿಲು ಎಳೆ ಎಳೆಯಾಗಿ ರಂಗದ ಮೇಲೆ ಇಳಿದಿತ್ತು. ಆ ಎಳೆಗಳಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ರಾಜ ಮಗಳನ್ನು ಕೇಳುತ್ತಾನೆ: ಈ ವರ ಒಪ್ಪಿಗೆಯೇ? ಪುಸ್ತಕದಲ್ಲಿ ಅವಳಿಗೆ ಮಾತಿಲ್ಲ. 'ಸುಮ್ಮನೆ ನಿಲ್ಲುವಳು' ಎಂದಷ್ಟೇ ಇದೆ. ನಾಚಿ ಒಪ್ಪಿದಳು ಎಂದು ಬರೆಯಿರಿ, ಅಂಕ ಖಾಯಂ ಎಂದು ಶಾಲೆಯ ಮಾಸ್ತರರು ಹೇಳಿಕೊಟ್ಟಿದ್ದರಂತೆ.

ಮಗಳ ವೇಷ ಹಾಕಿದ್ದ ಸ್ತ್ರೀಪಾರ್ಟಿನ ನಟ ಹಾಗೆಯೇ ನಿಂತ. ತಲೆ ತಗ್ಗಿಸಿ, ಸೆರಗು ತಿರುವುತ್ತ. ರಾಜ "ಒಪ್ಪಿದಳು!" ಎಂದ.

"ವನ್ಸ್ ಮೋರ್!"

ಹೆಂಗಸರು ಕುಳಿತ ಬಾಕಿನಿಂದ ಬಂದ ದನಿ. ಎದ್ದು ನಿಂತಿದ್ದವಳು ಶಾಂತವ್ವ.

"ಹಾಡೇ ಇಲ್ಲಲ್ಲ ತಂಗಿ, ಯಾತಕ್ಕ ವನ್ಸ್ ಮೋರ್?" ಎಂದು ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು.

ಆದರೆ ಬಿದ್ದ ವನ್ಸ್ ಮೋರನ್ನು ಕಂಪನಿ ನಟ ತಳ್ಳಿಹಾಕುವುದುಂಟೇ? ಅವನು ಅವಳನ್ನು ಒಂದು ಗಳಿಗೆ ನೋಡಿದ. ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ. ರಾಜ ಮತ್ತೆ ಕೇಳಿದ.

ಈ ಸಲ ಸೆರಗು ತಿರುವಲಿಲ್ಲ. ತಲೆ ಎತ್ತಿ ತಂದೆ ರಾಜನನ್ನೇ ನೋಡುತ್ತ ನಿಂತ. ಅಷ್ಟೇ. ಹಾರ್ಮೋನಿಯಂನ ಒಂದೇ ಸ್ವರ ಉಸಿರು ಹಿಡಿದಂತೆ ನಿಂತಿತ್ತು. ನಾವೆಲ್ಲ ಕೆರೆಯ ತಳದಲ್ಲಿ ಕುಳಿತು ಮೇಲಿನ ಬೆಳಕು ನೋಡುತ್ತಿರುವಂತೆ ಅನ್ನಿಸಿತು. ಎಷ್ಟು ಹೊತ್ತೋ ತಿಳಿಯದು. ರಾಜ ಒಮ್ಮೆ ಪರದೆಯ ಕಡೆ ನೋಡಿದ. ಕೊನೆಗೆ "ಒಪ್ಪಿದಳು" ಎಂದ. ಯಾರೂ ನಂಬಲಿಲ್ಲ.

ವಿರಾಮದಲ್ಲಿ ಹುಡುಗರು ಮಾಸ್ತರರನ್ನು ಮುತ್ತಿದರು. "ಈಗ ಪರೀಕ್ಷಾದಾಗ ಏನ್ ಬರೀಬೇಕ್ರಿ ಸರ?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ನಾ ಹೇಳಿದ್ದು ಬ್ಯಾಡ. ಕಂಡದ್ದು ಬರೀರಿ."

ಮನೆಗೆ ಬರುವಾಗ ಟಾಂಗಾದಲ್ಲಿ ನಾವು ಮೂವರೇ. ಅರ್ಧ ದಾರಿಯಲ್ಲಿ ಚನ್ನಬಸಪ್ಪ ಮಗಳ ಕಡೆ ತಿರುಗದೆಯೇ ಕೇಳಿದರು:

"ಮುಗದದವರು ನೋಡಾಕ ಬಂದಾಗ ನೀ ಸುಮ್ಮನ ಕುಂತಿದ್ದೆಲ್ಲ ಶಾಂತಾ... ಅದು ನಾಟಕದಾಗಿನ ಮೊದಲನೇದೋ, ಎರಡನೇದೋ?"

"ಎರಡನೇದು, ಅಪ್ಪಾ."

ಮರುದಿನ ಮುಂಜಾನೆ ಚನ್ನಬಸಪ್ಪ ಮುಗದಕ್ಕೆ ಹೊರಟಿದ್ದರು. ಏನು ಹೇಳುತ್ತೀರಿ ಎಂದೆ. "ಪರೀಕ್ಷಾ ಮುಗೀಲಿ ಅಂತೇನಿ. ಆಮ್ಯಾಲ ಆಕೀನ್ನ ಕೇಳತೇನಿ. ಬಾಯಿ ಬಿಟ್ಟು ಹೇಳೂ ತನಾ ಕೇಳತೇನಿ." ರುಮಾಲು ಸರಿಮಾಡಿಕೊಂಡು ನಡೆದೇಬಿಟ್ಟರು.

ವಾಚಕರೇ, ನಿಮ್ಮ ಮನೆಯ ಹುಡುಗಿಯನ್ನು ಯಾರಾದರೂ ಹೀಗೆ ಕೇಳಿದ್ದಾರೆಯೇ?