ಅವಳ ಸೈಕಲ್ಲಿನ ಬೆಲ್ಲು

ಕುರುಗೋಡು ಇನ್ನೂ ಎಂಟು ಕಿಲೋಮೀಟರ್ ಇದೆ ಎನ್ನುವಾಗಲೇ ನನಗೆ ಸಾಕಾಗಿಹೋಗಿತ್ತು. ಕಾಲು ಸೋತದ್ದು ದೊಡ್ಡ ಮಾತಲ್ಲ, ಅರವತ್ತೆರಡು ವರ್ಷದ ಕಾಲಿಗೆ ಸೋಲುವ ಹಕ್ಕಿದೆ. ತಲೆ ಚಿಟ್ಟು ಹಿಡಿಸಿದ್ದು ಹಿಂದಿನಿಂದ ಕೇಳುತ್ತಿದ್ದ ಬೆಲ್ಲಿನ ಸದ್ದು. ಬಳ್ಳಾರಿ ಬಿಟ್ಟಾಗಿನಿಂದ ನನ್ನ ಹೆಂಡತಿ ನಾಲ್ಕು ಮಾರು ಹಿಂದೆ ಸೈಕಲ್ ತುಳಿಯುತ್ತ, ಇದ್ದಕ್ಕಿದ್ದಂತೆ ಟ್ರಿಣ್ ಟ್ರಿಣ್ ಅನ್ನಿಸುತ್ತಲೇ ಬಂದಿದ್ದಳು. ಪೇಟೆಯ ಗದ್ದಲದಲ್ಲಾದರೆ ಸರಿ, ಹತ್ತಿ ಹೊಲದ ನಡುವೆ ನರಪಿಳ್ಳೆ ಇಲ್ಲದ ಕಡೆಯೂ ಅದೇ. ಹಿಂದಿನ ವರ್ಷಗಳಲ್ಲಿ ಅವಳಿಗೆ ಈ ಚಟ ಇರಲಿಲ್ಲ.

ವರ್ಷಕ್ಕೊಮ್ಮೆ ನಾವಿಬ್ಬರೂ ಹೀಗೆ ಹೊರಡುತ್ತೇವೆ. ಅವಳು ಪ್ರಾಥಮಿಕ ಶಾಲೆಯ ಟೀಚರು. ಶನಿವಾರ ಭಾನುವಾರದ ಹಿಂದೆಮುಂದೆ ಎರಡು ದಿನ ರಜೆ ಹಾಕುತ್ತಾಳೆ. ಹಳೆಯ ಕೋಟೆ, ಪಾಳುಗುಡಿ, ಶಾಸನದ ಕಲ್ಲು ಇರುವ ಹಳ್ಳಿ ಯಾವುದಾದರೂ ಒಂದನ್ನು ಅವಳು ಆರಿಸುತ್ತಾಳೆ, ದಾರಿಯನ್ನು ನಾನು ಆರಿಸುತ್ತೇನೆ. ಗುಡಿ ಸಿಕ್ಕರೆ ಅವಳು ಕಂಬ ಕಂಬ ಸುತ್ತಿ ನೋಡುತ್ತಾಳೆ. ನಾನು ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತೇನೆ. ಈ ಸಲ ಕುರುಗೋಡು, ತೆಕ್ಕಲಕೋಟೆ, ಸಿರುಗುಪ್ಪ, ಕೊನೆಗೆ ಹೊಳೆ ದಂಡೆಯ ಕೆಂಚನಗುಡ್ಡ. ಕೆಂಚನಗುಡ್ಡದ ಹಳೆಯ ಗೋಡೆಗಳನ್ನು ನೋಡಬೇಕೆಂದು ಅವಳು ಎರಡು ವರ್ಷದಿಂದ ಅನ್ನುತ್ತಿದ್ದಳು.

ಇದು ನನ್ನ ಕೊನೆಯ ಸೈಕಲ್ ಪ್ರಯಾಣ ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ದಸರೆಗೆ ಮೊದಲು ನಾನೊಬ್ಬನೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಎಡಗಣ್ಣಿನ ನರ ಒಣಗಿದೆ, ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ ಎಂದರು. ಬಲಗಣ್ಣು ಉಳಿಸಿಕೊಳ್ಳಲು ದಿನಕ್ಕೆ ಎರಡು ಹೊತ್ತು ಹನಿ ಹಾಕಬೇಕು. ರಸ್ತೆಯ ಮೇಲೆ ಗಾಡಿ ಬೇಡ, ಸೈಕಲ್ ಕೂಡ ಬೇಡ ಎಂದು ಎರಡೆರಡು ಸಲ ಹೇಳಿದರು. ಮನೆಗೆ ಬಂದು ಹೆಂಡತಿಗೆ ಕನ್ನಡಕದ ನಂಬರು ಬದಲಾಗಿದೆಯಂತೆ ಅಂದೆ. ಹನಿಯ ಬಾಟಲಿಯನ್ನು ಸೈಕಲ್ಲಿನ ಸೀಟಿನ ಕೆಳಗಿನ ಚೀಲದಲ್ಲಿ, ಪಂಕ್ಚರ್ ಸಾಮಾನಿನ ಜೊತೆ ಅಡಗಿಸಿಟ್ಟೆ. ಕೆಂಚನಗುಡ್ಡ ಮುಟ್ಟೋಣ, ಹೊಳೆ ದಂಡೆಯಲ್ಲಿ ಕೂತು ಅವಳಿಗೆ ಹೇಳೋಣ, ಆಮೇಲೆ ಸೈಕಲ್ಲಿಗೆ ಕೈ ಮುಗಿಯೋಣ. ಇದು ನನ್ನ ಲೆಕ್ಕಾಚಾರ.

ಯಾಕೆ ಮುಚ್ಚಿಟ್ಟೆ ಎಂದರೆ ನೆಟ್ಟಗೆ ಉತ್ತರವಿಲ್ಲ. ಮೂವತ್ತೈದು ವರ್ಷ ನಾನು ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ದಪ್ಪ ಬಟ್ಟೆ ಅರವತ್ತು ಪದರ ಒಂದರ ಮೇಲೊಂದು ಹಾಸಿ, ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯ ಮೇಲೆ ಮಷಿನ್ ಓಡಿಸುವ ಕೆಲಸ. ಗೆರೆ ಕೂದಲೆಳೆಯಷ್ಟು ತಪ್ಪಿದರೂ ಅರವತ್ತು ಪ್ಯಾಂಟು ಒಂದೇ ಸಲ ಹಾಳು. ನನ್ನ ಕೈಯಲ್ಲಿ ತಪ್ಪಿದ್ದು ಇಲ್ಲ, ಕಡೆಯ ವರ್ಷದವರೆಗೂ ಇಲ್ಲ. ಕಡೆಯ ವರ್ಷ ಎರಡು ಸಲ ಎಡಗಡೆಯ ಅಂಚು ತಪ್ಪಿತು. ಮಷಿನ್ ಸರಿಯಿಲ್ಲ ಎಂದು ಎಲ್ಲರ ಮುಂದೆ ಹಾರಾಡಿ, ಆ ತಿಂಗಳೇ ಕೆಲಸ ಬಿಟ್ಟೆ. ಕಣ್ಣಿನ ಮೇಲೆ ಬದುಕಿದವನಿಗೆ ಕಣ್ಣು ಹೋಯಿತು ಅನ್ನಲು ನಾಲಿಗೆ ಏಳುವುದಿಲ್ಲ.

ಕುರುಗೋಡಿನಲ್ಲಿ ದೊಡ್ಡ ಬಸವಣ್ಣನ ಗುಡಿಗೆ ಹೋದೆವು. ಒಂದೇ ಕಲ್ಲಿನ ಅಷ್ಟೆತ್ತರದ ಬಸವನ ಮುಂದೆ ಪ್ರತಿ ಸಲವೂ ಅವಳು ಮೂಗಿನಿಂದ ಬಾಲದವರೆಗೆ ನಡೆದು ನೋಡುವವಳು, ಈ ಸಲ ನನ್ನ ಪಕ್ಕದಲ್ಲೇ ನಿಂತಳು. ಮೆಟ್ಟಿಲು ಇಳಿಯುವಾಗಲೂ ಪಕ್ಕದಲ್ಲೇ. ಅವಳಿಗೂ ವಯಸ್ಸಾಯಿತು, ದಣಿದಿದ್ದಾಳೆ ಅಂದುಕೊಂಡೆ. ಸಂಜೆ ಬಂಡೆಯ ಮರೆಗೆ ಹೋಗಿ ಕಣ್ಣಿಗೆ ಹನಿ ಹಾಕಿಕೊಂಡು, ಮೂತ್ರಕ್ಕೆ ಹೋಗಿದ್ದವನಂತೆ ಕೈ ಒರೆಸಿಕೊಳ್ಳುತ್ತ ಬಂದೆ. ಅರವತ್ತು ದಾಟಿದ ಮೇಲೆ ಕಳ್ಳತನ ಮಾಡುವುದು ಎಷ್ಟು ಆಯಾಸದ ಕೆಲಸ ಎಂದು ಆಗ ತಿಳಿಯಿತು.

ಮರುದಿನ ಬೆಳಗ್ಗೆ ಊರ ಹೊರಗಿನ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಹೊರಟೆವು. ಇನ್ನೂ ಒಂದು ಫರ್ಲಾಂಗು ಹೋಗಿಲ್ಲ, ಮತ್ತೆ ಟ್ರಿಣ್ ಟ್ರಿಣ್. ನನ್ನ ಪಿತ್ತ ನೆತ್ತಿಗೇರಿತು. ಸೈಕಲ್ ನಿಲ್ಲಿಸಿ ಇಳಿದೆ.

"ಯಾಕ ಹಂಗ ಹೊಡಿತೀ? ದಾರ್ಯಾಗ ಒಂದು ನಾಯಿನೂ ಇಲ್ಲ!"

"ಇತ್ತುರಿ" ಅಂದಳು.

"ಎಲ್ಲಿತ್ತು?"

ನಾನು ಸ್ಕ್ರೂಡ್ರೈವರ್ ತೆಗೆದು ಅವಳ ಹ್ಯಾಂಡಲ್ಲಿನ ಬೆಲ್ ಬಿಚ್ಚಿ ನನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. "ಸಿರುಗುಪ್ಪಕ್ಕ ಹೋದ ಮ್ಯಾಲ ಕೊಡ್ತೀನಿ" ಅಂದೆ. ಮಕ್ಕಳ ಕೈಯಿಂದ ಗೋಲಿ ಕಿತ್ತುಕೊಳ್ಳುವ ಮೇಷ್ಟ್ರ ಹಾಗೆ ಮಾಡಿದೆ, ಅದೂ ಒಬ್ಬ ಟೀಚರಿಗೆ. ಅವಳ ಮುಖ ಸಣ್ಣದಾಯಿತು. ಏನೋ ಹೇಳಲು ಬಾಯಿ ತೆರೆದವಳು, "ನಡೀರಿ" ಎಂದಷ್ಟೇ ಅಂದಳು.

ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆಯ ನೀರಿನ ಸೀಮೆ. ಎರಡೂ ಕಡೆ ಕೊಯ್ದ ಗದ್ದೆ, ಕೊಯ್ಯಲಿರುವ ಗದ್ದೆ. ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯೇ ಕಣ. ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೆ ಭತ್ತ ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಲಾರಿಯವನಿರಲಿ, ಸಾಹೇಬರ ಕಾರಿರಲಿ, ಆ ಕಲ್ಲಿನ ಸಾಲನ್ನು ಯಾರೂ ದಾಟುವುದಿಲ್ಲ. ಹೆಣ್ಣುಮಕ್ಕಳು ಬರಿಗಾಲಲ್ಲಿ ಪಾದ ಎಳೆಯುತ್ತ ಭತ್ತದಲ್ಲಿ ಸಾಲು ಬಿಡುತ್ತಾರೆ, ಅಡಿಯ ಕಾಳು ಮೇಲೆ ಬಂದು ಒಣಗಲಿ ಅಂತ. ಕಾಲಿನಿಂದಲೇ ಮಾಡುವ ಕೆಲಸ, ಆದರೆ ಚಪ್ಪಲಿ ಕಾಲು ಅದರ ಮೇಲೆ ಬೀಳಬಾರದು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬಿಸಿಲೇರಿತ್ತು. ತೊಡೆ ಕಲ್ಲಾಗಿತ್ತು, ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ಹಿಂದಿನಿಂದ ಒಂದು ಲಾರಿ ಬಾಯಿಬಡಿದುಕೊಳ್ಳುತ್ತ ಬಂತು. ಅದಕ್ಕೆ ದಾರಿ ಬಿಡಲು ಸೈಕಲ್ಲನ್ನು ಎಡಕ್ಕೆ ತಿರುಗಿಸಿದೆ. ಎಡಕ್ಕೆ ಏನೂ ಇರಲಿಲ್ಲ. ಅಂದರೆ, ನನ್ನ ಪಾಲಿಗೆ ಇರಲಿಲ್ಲ. ಮುಂದಿನ ಗಾಲಿ ಕಲ್ಲಿಗೆ ಬಡಿದು ಹಾರಿತು, ಭತ್ತದಲ್ಲಿ ಹೂತು ಜಾರಿತು, ನಾನು ಮಗ್ಗುಲಾಗಿ ಬಿದ್ದೆ. ಕಿವಿಯ ಪಕ್ಕದಲ್ಲೇ ಒಂದು ಚೀರು ಕೇಳಿತು.

ಆಡು ಬಾಯಿ ಹಾಕದಂತೆ ಕಾಯಲು ಕೋಲು ಹಿಡಿದು ಭತ್ತದ ಅಂಚಿಗೆ ಕೂತಿದ್ದ ಒಬ್ಬ ಮುದುಕಿ. ನನ್ನ ಗಾಲಿ ಅವಳ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಇನ್ನೂ ತಿರುಗುತ್ತಿತ್ತು. ಅವಳ ಅಂಬಲಿಯ ತಂಬಿಗೆ ಉರುಳಿ ಭತ್ತಕ್ಕೆಲ್ಲ ಚೆಲ್ಲಿತ್ತು. ನನ್ನ ಹೆಂಡತಿ ಸೈಕಲ್ ಬಿಸಾಕಿ ಓಡಿಬಂದವಳು ನನ್ನನ್ನು ದಾಟಿ ನೇರ ಆ ಮುದುಕಿಯ ಹತ್ತಿರ ಹೋದಳು. ಕೈ ಮುಟ್ಟಿ, ಕಾಲು ಮುಟ್ಟಿ ನೋಡಿದಳು. ಹೋಗಬೇಕಾದ ಕಡೆಗೇ ಹೋಗಿದ್ದಳು.

"ನನಗೇನೂ ಆಗಿಲ್ಲ ಬಿಡವ್ವಾ" ಎಂದು ಮುದುಕಿ ನನ್ನ ಕಡೆ ತಿರುಗಿದಳು. "ಏನಪ್ಪಾ, ಕಣ್ಣು ಎಲ್ಲಿಟ್ಟಿದ್ದಿ? ಕಲ್ಲು ಕಾಣಲಿಲ್ಲೇನು? ಹೋಗ್ಲಿ, ನಾ ಕಾಣಲಿಲ್ಲೇನು ನಿನಗ? ಇಷ್ಟು ದಪ್ಪ ಕುಂತೀನಿ!"

ಸಾಲು ಬಿಡುತ್ತಿದ್ದ ಹೆಣ್ಣುಮಕ್ಕಳು ನಿಂತು ನಕ್ಕರು. ತಮ್ಮತಮ್ಮಲ್ಲಿ ತೆಲುಗಿನಲ್ಲಿ ಏನೋ ಅಂದುಕೊಂಡು ಮತ್ತೆ ನಕ್ಕರು. ನಾನಿನ್ನೂ ಎದ್ದಿರಲಿಲ್ಲ. ಬಿದ್ದದ್ದಕ್ಕಲ್ಲ. ಆ ಒಂದು ಗೇಣು ನೋಡಿ.

"ಬೂಟು ಬಿಚ್ಚು" ಅಂದಳು ಮುದುಕಿ. "ಅನ್ನ ತುಳದಿ. ಮೊದಲು ಕಣ್ಣಿಗೆ ಹಚ್ಕೋ. ಆಮ್ಯಾಲ ನೀ ಕೆಡಿಸಿದ್ದು ನೀನಾ ಸಾಲು ಬಿಡು."

ಬೂಟು ಬಿಚ್ಚಿದೆ. ಮಂಡಿಯೂರಿ ಒಂದು ಹಿಡಿ ಭತ್ತ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡೆ. ಚಿಕ್ಕಂದಿನಲ್ಲಿ ಕಾಲಿಗೆ ಕಾಳು ತಾಗಿದಾಗ ನಮ್ಮವ್ವ ಮಾಡಿಸುತ್ತಿದ್ದದ್ದೇ ಇದು. ಕಾಳು ಬಿಸಿಲಿಗೆ ಬೆಚ್ಚಗಿತ್ತು, ಧೂಳಿನ ವಾಸನೆ ಬಂತು. ಕೈ ತೆಗೆದು ಕಣ್ಣು ಬಿಟ್ಟಾಗ ಮುದುಕಿ ನನ್ನ ಎದುರಿಗೇ ಇದ್ದಳು. ಹೆಂಡತಿ ಎಲ್ಲಿದ್ದಾಳೆ ಎಂದು ಕಾಣಲಿಲ್ಲ. ಎಡಕ್ಕಿದ್ದಳು.

"ಅವ್ವಾ, ನನಗ ಎಡಗಣ್ಣು ಕಾಣಂಗಿಲ್ಲ" ಅಂದೆ.

ಎರಡು ತಿಂಗಳಿಂದ ಹೆಂಡತಿಗೆ ಹೇಳಲಾರದ ಮಾತನ್ನು ಗುರುತಿಲ್ಲದ ಹೆಂಗಸಿಗೆ, ನಡುರಸ್ತೆಯಲ್ಲಿ ಮಂಡಿಯೂರಿ ಹೇಳಿದೆ. ನಗು ನಿಂತಿತು.

"ಕಾಣಂಗಿಲ್ಲ ಅಂದ ಮ್ಯಾಲ ಸೈಕಲ್ ಯಾಕ ಹತ್ತಿದಿ?" ಎಂದು ಮುದುಕಿ ಕೇಳಿದಳು. ಬೈಗುಳವಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ನಾನು ಎದ್ದು ನಿಂತೆ.

ಭತ್ತದಲ್ಲಿ ಪಾದ ಎಳೆಯತೊಡಗಿದೆ. ನೋಡಲು ಸುಲಭ, ನಾಲ್ಕು ಹೆಜ್ಜೆಗೆ ಮೀನಖಂಡ ಹಿಡಿಯುತ್ತದೆ. ಹೆಂಡತಿಯೂ ಚಪ್ಪಲಿ ಬಿಟ್ಟು ನನ್ನ ಎಡಕ್ಕೆ ಬಂದು ಪಾದ ಎಳೆಯುತ್ತ ನಡೆದಳು. ನನ್ನ ಸಾಲು ಸೊಟ್ಟ, ಅವಳದು ನೆಟ್ಟಗೆ.

"ನಿನಗ ಗೊತ್ತಿತ್ತೇನು?" ಎಂದೆ.

"ಎಡಕ್ಕ ಇಟ್ಟ ನೀರಿನ ಚೊಂಬು ಎಷ್ಟು ಸಲ ಒದ್ದೀರಿ, ನೆನಪೈತೇನ್ರಿ? ಈಗ ಬಲಕ್ಕ ಇಡಾಕತ್ತೀನಿ. ಅದೂ ನಿಮಗ ಗೊತ್ತಾಗಿಲ್ಲ."

"ಮತ್ತ ಯಾಕ ಕೇಳಲಿಲ್ಲ?"

"ನೀವಾ ಹೇಳ್ತೀರಿ ಅಂತ ಕಾದೆ."

ಸಾಲಿನ ತುದಿಗೆ ಬಂದು ತಿರುಗಿದೆವು. ತಿರುಗಿದ ಕೂಡಲೇ ಅವಳು ಜಾಗ ಬದಲಿಸಿ ಮತ್ತೆ ನನ್ನ ಎಡಕ್ಕೇ ಬಂದಳು.

"ಆ ಬೆಲ್ಲು..." ಎಂದೆ.

"ಎಡಕ್ಕ ಏನರ ಬಂದ್ರ ಹೊಡಿತಿದ್ದೆ. ನಾಯಿ, ಕಲ್ಲು, ಆಡು, ಮಂದಿ. ಬೆಲ್ ಕೇಳಿದ್ರ ನೀವು ಒಂದೀಟು ಬಲಕ್ಕ ಸರೀತಿದ್ರಿ. ಅದನ್ನ ಕಿತ್ತು ಕಿಸ್ಯಾಗ ಇಟ್ಕೊಂಡ್ರಿ. ಈಗ ಒದರಿದೆ, ಆ ಲಾರಿ ಹಾರ್ನಿನ ಮುಂದ ನನ್ನ ದನಿ ಎಷ್ಟರದು?"

ನಾನು ತಲೆ ತಗ್ಗಿಸಿ ನಡೆದೆ. ನೀನು ಬರಲ್ಲ ಅನ್ನಬಹುದಿತ್ತಲ್ಲ ಎಂದು ಕೇಳಿದೆ.

"ಅಂದಿದ್ರ ಒಬ್ರಾ ಹೋಗ್ತಿದ್ರಿ." ಅವಳು ನಿಂತಳು. ಅವಳ ದನಿ ಒಡೆದದ್ದು ಆಗಲೇ. "ನನಗೂ ಸಾಕಾಗೇತ್ರಿ. ಎರಡು ದಿನದಿಂದ ನಾ ಏನೂ ನೋಡಿಲ್ಲ. ಕುರುಗೋಡಿಗೆ ಹೋಗಿ ಬಂದೆ, ಬಸವಣ್ಣನ್ನ ನೋಡಿಲ್ಲ. ಗುಡ್ಡ ನೋಡಿಲ್ಲ, ಗದ್ದಿ ನೋಡಿಲ್ಲ. ಬರೇ ನಿಮ್ಮ ಎಡಗಡಿ ನೋಡ್ಕೊಂತ ಬಂದೀನಿ."

ನನ್ನ ಕಣ್ಣು ಹೋದದ್ದಕ್ಕೆ ನಾನು ಎರಡು ತಿಂಗಳು ಒಳಗೊಳಗೇ ಅತ್ತಿದ್ದೆ. ನನ್ನಿಂದ ಅವಳ ಎರಡು ಕಣ್ಣೂ ಹೋಗಿದ್ದವು, ಅದು ನನಗೆ ತೋಚಿರಲಿಲ್ಲ. ಕ್ಷಮಿಸು ಅನ್ನಬೇಕಿತ್ತು, ಜೇಬಿನಿಂದ ಬೆಲ್ ತೆಗೆದೆ. ರಸ್ತೆಯ ಅಂಚಿಗೆ ಕೂತು ಅದನ್ನು ಅವಳ ಹ್ಯಾಂಡಲ್ಲಿಗೆ ಕೂರಿಸಿದೆ. ಸ್ಕ್ರೂ ಎರಡು ಸಲ ಭತ್ತದಲ್ಲಿ ಬಿತ್ತು. ಎರಡು ಸಲವೂ ಮುದುಕಿಯೇ ಹುಡುಕಿಕೊಟ್ಟಳು.

ಹತ್ತಿರದ ಕರೂರಿನ ಕಡೆ ಕೂಲಿಯವರನ್ನು ಇಳಿಸಿ ಸಿರುಗುಪ್ಪಕ್ಕೆ ಖಾಲಿ ಹೋಗುತ್ತಿದ್ದ ಗೂಡ್ಸ್ ಆಟೋ ಒಂದನ್ನು ಹೆಣ್ಣುಮಕ್ಕಳೇ ಕೈ ಮಾಡಿ ನಿಲ್ಲಿಸಿದರು. "ನನ್ನ ಸೈಕಲ್ ಹಾಕ್ರಿ" ಅಂದೆ. ಹೇಳಿದಷ್ಟು ಹಗುರವಾಗಿರಲಿಲ್ಲ ಆ ಮಾತು. ಇಪ್ಪತ್ತು ವರ್ಷ ತುಳಿದ ಸೈಕಲ್ಲು ಖಾಲಿ ಚೀಲಗಳ ಮೇಲೆ ಅಡ್ಡ ಬಿತ್ತು. ಅವಳ ಸೈಕಲ್ಲಿಗೂ ಜಾಗವಿತ್ತು.

"ನಾ ತುಳ್ಕೊಂತ ಬರ್ತೀನಿ. ನೀವು ಮುಂದ ಹೋಗ್ರಿ" ಅಂದಳು.

ಅವಳು ಮೊದಲು ಹೊರಟಳು. ಚಾಲಕ ಬೀಡಿ ಮುಗಿಸಿ ಗಾಡಿ ಬಿಡುವಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಹೋಗಿದ್ದಳು. ಅವಳನ್ನು ದಾಟುವಾಗ ಕೈಬೀಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನಿಧಾನವಾಗಿ ತುಳಿಯುತ್ತ, ಕಾಲುವೆಯ ಆಚೆ ಗದ್ದೆಯಲ್ಲಿ ಇಳಿದಿದ್ದ ಕೊಕ್ಕರೆಗಳನ್ನು ನೋಡುತ್ತಿದ್ದಳು, ಆಮೇಲೆ ಈಚೆಯ ಗದ್ದೆಯನ್ನು. ಬೆಲ್ ಒಮ್ಮೆಯೂ ಹೊಡೆಯಲಿಲ್ಲ.

ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ಖಾನಾವಳಿಯ ಮುಂದೆ ಎರಡು ತಾಸು ಕಾದೆ. ಹನಿಯ ಬಾಟಲಿ ತೆಗೆದು ಎಲ್ಲರೆದುರೇ ಹಾಕಿಕೊಂಡೆ, ಯಾರೂ ತಿರುಗಿಯೂ ನೋಡಲಿಲ್ಲ. ಅವಳು ಧೂಳು ಮೆತ್ತಿಕೊಂಡು ಬಂದಳು, ಮುಖ ಬಿಸಿಲಿಗೆ ಕೆಂಪಾಗಿತ್ತು. ದಾರಿಯಲ್ಲಿ ಒಂದು ವೀರಗಲ್ಲು ಸಿಕ್ಕಿತಂತೆ, ನಿಂತು ಸುತ್ತಲೂ ನೋಡಿದಳಂತೆ.

"ನಾಳೆ ಕೆಂಚನಗುಡ್ಡಕ್ಕ ನೀವು ಆಟೋದಾಗ ಬರ್ರಿ, ನಾ ಸೈಕಲ್ ಮ್ಯಾಲ ಬರ್ತೀನಿ" ಅಂದಳು. ಆಯಿತು ಅಂದೆ. ಮುಂದಿನ ವರ್ಷದ ಮಾತು ಇಬ್ಬರೂ ಎತ್ತಲಿಲ್ಲ.

ಒಳಗೆ ಕೂತೆವು. ಬಡಿಸುವವನು ರೊಟ್ಟಿ, ಪಲ್ಯ ಹಾಕಿ, ನೀರಿನ ಲೋಟವನ್ನು ನನ್ನ ಎಡಕ್ಕೆ ಕುಕ್ಕಿ ಹೋದ. ಅವಳು ತನ್ನ ತಟ್ಟೆ ಬಿಟ್ಟು ಕೈ ಚಾಚಿದಳು. ಅಷ್ಟರಲ್ಲಿ ನಾನೇ ತಲೆ ತಿರುಗಿಸಿ, ಲೋಟವನ್ನು ಹುಡುಕಿ ತೆಗೆದು ಬಲಕ್ಕೆ ಇಟ್ಟುಕೊಂಡೆ. ಅವಳು ಚಾಚಿದ ಕೈ ಹಿಂದೆ ತೆಗೆದುಕೊಂಡು ತನ್ನ ರೊಟ್ಟಿ ಮುರಿದಳು.