ದೊಡ್ಡಪ್ಪನ ಬ್ಯಾಟರಿ

ಮೊನ್ನೆ ಇನ್ವರ್ಟರಿಗೆ ನೀರು ತುಂಬಲು ಬ್ಯಾಟರಿಯ ಬಿರಡೆ ತೆಗೆದೆ. ಹುಳಿಹುಳಿಯಾದ, ಮೂಗಿನೊಳಗೆ ಚುರ್ರೆನ್ನುವ ವಾಸನೆ ಬಂತು. ಬೇರೆಯವರಿಗೆ ಅದು ಬರೀ ಆಸಿಡ್ಡು. ನನಗೆ ಮಾತ್ರ ಚಿತ್ರದುರ್ಗದಲ್ಲಿ ಜೋಗಿಮಟ್ಟಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆಯ ಪಡಸಾಲೆ. ನೀರಿನ ಕ್ಯಾನು ಪಕ್ಕಕ್ಕಿಟ್ಟು ನೆಲದ ಮೇಲೇ ಕೂತುಬಿಟ್ಟೆ.

ನನ್ನನ್ನು ಸಾಕಿದವರು ದೊಡ್ಡಪ್ಪ, ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ, ನಾನಿದ್ದೆ, ಮತ್ತೆ ಒಂದು ಕಾರಿತ್ತು. ಮಾರಿಕಣಿವೆ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದ ಯಾರೋ ಸಾಹೇಬರು ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟ ದುಂಡು ಮೂತಿಯ ಹಳೇ ಗಾಡಿ. ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಇದ್ದದ್ದು ಡೈನಮೋ. ಗಾಡಿ ಓಡುವಾಗ ಮಾತ್ರ ಅದು ದುಡಿಯುತ್ತಿತ್ತು. ನಿಂತರೆ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿಕೊಳ್ಳುತ್ತಿತ್ತು. ಭಾನುವಾರ ಮಾರಿಕಣಿವೆ ನೋಡಿಕೊಂಡು ಹಿರಿಯೂರಿಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಎದುರಿಗೆ ಲಾರಿ ಬಂದು ದೊಡ್ಡಪ್ಪ ನಿಧಾನ ಮಾಡಿದರೆ ನಮ್ಮ ಹೆಡ್‌ಲೈಟು ಕಣ್ಣು ಮುಚ್ಚಿದಂತಾಗುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಅರಳುತ್ತಿತ್ತು. ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಸೀರೆ ಸೆರಗಿನಲ್ಲಿ ಮುಖ ಹುದುಗಿಸಿ ಮಲಗಿದ್ದ ನನಗೆ ಇಂಜಿನ್ನಿನ ಆ ಏರಿಳಿತ ಕೇಳಿದರೆ ಸಾಕು, ನಿದ್ದೆ ಬರುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು, ಬೇರೆ ಯಾರ ಮನೆಯಲ್ಲೂ ನಾನದನ್ನು ಕಂಡಿಲ್ಲ. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ದೊಡ್ಡಪ್ಪ ಬ್ಯಾಟರಿ ಬಿಚ್ಚಿ ಒಳಗೆ ತರುತ್ತಿದ್ದರು. ಹೊರಗಿದ್ದರೆ ಕದ್ದಾರೆಂಬ ಭಯ ಒಂದು. ಕರೆಂಟು ಹೋದಾಗ ಅದಕ್ಕೆ ಸಣ್ಣ ಬಲ್ಬು ಸಿಕ್ಕಿಸಿ ಎಲ್ಲರೂ ಊಟ ಮಾಡಬಹುದೆಂಬ ಲೆಕ್ಕ ಇನ್ನೊಂದು. ಪಡಸಾಲೆಯ ಮೂಲೆಯಲ್ಲಿ ಮಣೆಯ ಮೇಲಿಟ್ಟು, ಚಳಿಗಾಲವಾದರೆ ಹಳೇ ಕಂಬಳಿ ಹೊದಿಸುತ್ತಿದ್ದರು. "ಕೂಸು ಮಲಗ್ತೇನ್ರಿ?" ಎಂದು ದೊಡ್ಡಮ್ಮ ಅಡಿಗೆಮನೆಯಿಂದಲೇ ಕಾಲೆಳೆಯುತ್ತಿದ್ದಳು. ಬೆಳಿಗ್ಗೆ, ಆಸಿಡ್ ಬಿದ್ದು ತೂತುತೂತಾದ ಪಂಚೆ ಎತ್ತಿ ಕಟ್ಟಿ, ಅದನ್ನು ಹೊತ್ತೊಯ್ದು ಜೋಡಿಸುವಾಗ ದೊಡ್ಡಪ್ಪ ನನ್ನನ್ನು ಕರೆಯುತ್ತಿದ್ದರು. "ನೋಡ್ಕಳೇ ರತ್ನ, ಪ್ಲಸ್ಸಿನ ವೈರು ಗಾಡಿ ಮೈಗೆ. ಬ್ಯಾರೆ ಗಾಡಿ ಹಂಗಲ್ಲ, ನಮ್ದು ಹಂಗೆ." ಅದನ್ನು ಹೇಳುವಾಗ ಅವರ ದನಿಯಲ್ಲೊಂದು ಜಂಬವಿರುತ್ತಿತ್ತು.

ದೊಡ್ಡಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪನಿಗೆ ಮರೆವು ಹತ್ತಿತು. ಹೊಳಲ್ಕೆರೆಯ ಸ್ಕೂಲಿಗೆ ಪಾಠ ಮಾಡಲು ದಿನಾ ಓಡಾಡುತ್ತ ನಾನು ಅವರ ಜೊತೆಗೇ ಇದ್ದೆ. ಮೊದಲು ಬೀದಿಯವರ ಹೆಸರು ಹೋದವು, ಆಮೇಲೆ ನನ್ನದು. ಒಂದು ದಿನ ಕಾಫಿ ಕೊಟ್ಟರೆ "ನೀವು ಕುಡಿದ್ರೇನ್ರಿ?" ಎಂದರು. ಎತ್ತಿ ಆಡಿಸಿದ ಮಗಳಿಗೆ ಬಹುವಚನ. ಅವತ್ತು ಬಚ್ಚಲಿಗೆ ಹೋಗಿ ಅತ್ತೆ. ಗಾಡಿ ಓಡಿಸುವುದು ನನ್ನ ಪಾಲಿಗೆ ಬಂದಿತ್ತು. ಆದರೆ ಸಂಜೆ ಬ್ಯಾಟರಿ ಬಿಚ್ಚುವುದು, ಬೆಳಿಗ್ಗೆ ಜೋಡಿಸುವುದು ಮಾತ್ರ ಅವರೇ. ಭಾರಕ್ಕೆ ಒಂದು ಕಡೆ ನಾನು ಹಿಡಿಯುತ್ತಿದ್ದೆ, ಅಷ್ಟೇ. ಸ್ಪ್ಯಾನರ್ ಕೈಗೆ ಬಂದರೆ ಅವರು ಹಳೇ ದೊಡ್ಡಪ್ಪನೇ. ಆ ಒಂದು ಕೆಲಸದಲ್ಲಾದರೂ ಅವರು ನನಗೆ ಉಳಿಯಲಿ ಎಂಬುದೇ ನನ್ನ ಆಸೆಯಾಗಿತ್ತು.

ಅಷ್ಟರಲ್ಲಿ ಡೈನಮೋ ಕೈಕೊಟ್ಟಿತು. ಮೆಕ್ಯಾನಿಕ್ ಖಲೀಲಣ್ಣ ಬಿಚ್ಚಿ ನೋಡಿ ತಲೆಯಾಡಿಸಿದರು. "ಇದರ ಸಾಮಾನು ಎಲ್ಲೂ ಸಿಗಲ್ಲ ಮೇಡಂ. ಈಗಿನ ಆಲ್ಟರ್ನೇಟರ್ ಹಾಕ್ಬಿಡಾಣ. ಇಲ್ಲಾಂದ್ರೆ ಗಾಡಿ ಮೂಲೆಗೆ." ಗಾಡಿ ಮೂಲೆ ಸೇರಿದರೆ ದೊಡ್ಡಪ್ಪನೂ ಮೂಲೆ ಸೇರಿದಂತೆಯೇ. ಹಾಕಿ ಎಂದೆ. ಹಾಕಿ ಮುಗಿಸಿದ ಮೇಲೆ ಅವರು ದೊಡ್ಡಪ್ಪನನ್ನು ಕರೆದು ತೋರಿಸಿದರು. "ಯಜಮಾನ್ರೆ, ಇನ್ಮೇಲೆ ಮೈನಸ್ಸು ಮೈಗೆ. ಉಲ್ಟಾ ಕೊಟ್ರೆ ಆಲ್ಟರ್ನೇಟರ್ ಒಂದೇ ಏಟಿಗೆ ಸುಟ್ಟೋಗ್ತೈತೆ. ಬಿಚ್ಚೋದೇ ಬ್ಯಾಡ, ಅಲ್ಲೇ ಇರ್ಲಿ ಬಿಡ್ರಿ." ದೊಡ್ಡಪ್ಪ ತಲೆಯಾಡಿಸಿದರು. ಸಂಜೆ ಹೊತ್ತಿಗೆ ಬ್ಯಾಟರಿ ಪಡಸಾಲೆಯಲ್ಲಿತ್ತು. ಬೇಡವೆಂದು ನಾನೂ ಹೇಳಿದೆ. ಹೂಂ ಎಂದರು. ಅವರ ತಲೆಯಲ್ಲಿ ಆ ಹೂಂ ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ಈಗ ಏನೂ ಇರಲಿಲ್ಲ.

ಮರುದಿನ ಜೋಡಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋಗಿ ಬರುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ ಏಳುತ್ತಿತ್ತು. ಬ್ಯಾಟರಿಯನ್ನು ತಿರುಗಿಸಿಟ್ಟು, ವೈರು ತುದಿಯ ಕೂರದ ಕ್ಲಾಂಪನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿದ್ದರು. ಪ್ಲಸ್ಸು ಗಾಡಿ ಮೈಗೆ. ವೈರು ಕಿತ್ತು ನಾನು ತಿರುಗಿದಾಗ ಅವರು ಸುತ್ತಿಗೆ ಕೆಳಗಿಡುತ್ತಿದ್ದರು.

"ತಪ್ಪು ಕೊಟ್ನೇನ್ರಿ?"

"ಇಲ್ಲ ದೊಡ್ಡಪ್ಪ, ಸರಿಯಾಗೇ ಕೊಟ್ಟೀರಿ."

"ಮತ್ಯಾಕೆ ಸುಟ್ಟೋತು?"

ಬದುಕಿಡೀ ಸರಿಯಾಗಿದ್ದದ್ದು ನಿನ್ನೆಯಿಂದ ತಪ್ಪಾಗಿದೆ ಎಂದು ಯಾವ ಮಾತಿನಲ್ಲಿ ಹೇಳುವುದು? ಅವರ ಕೈ ಹಿಡಿದುಕೊಂಡೆ. ಅವರು ಮೆಲ್ಲಗೆ ಬಿಡಿಸಿಕೊಂಡು, ಪಂಚೆಗೆ ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಒಂದು ದಿನವೂ ಬಾನೆಟ್ ಎತ್ತಲಿಲ್ಲ. ಬೇರೆಲ್ಲ ಮರೆಯುತ್ತಿದ್ದವರಿಗೆ ಅದೊಂದು ಹೇಗೆ ನೆನಪಿರುತ್ತಿತ್ತೋ.

ಖಲೀಲಣ್ಣ ಇನ್ನೊಂದು ಆಲ್ಟರ್ನೇಟರ್ ತಂದು ಹಾಕಿದರು. ಅದಾದ ಮೇಲೆ ಗಾಡಿ ಒಂದು ಸಲವೂ ಕೈಕೊಡಲಿಲ್ಲ. ಎಷ್ಟು ನಿಧಾನ ಮಾಡಿದರೂ ಹೆಡ್‌ಲೈಟು ಮಂಕಾಗುತ್ತಿರಲಿಲ್ಲ. ದೊಡ್ಡಪ್ಪ ಇರುವವರೆಗೂ ಭಾನುವಾರ ಮಾರಿಕಣಿವೆಗೆ ಕರೆದೊಯ್ಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ನೆಂಟರಂತೆ ಮುದುರಿ ಕೂತಿರುತ್ತಿದ್ದರು. "ಗಾಡಿ ಚೆನ್ನಾಗೈತೆ, ಯಾರ್ದ್ರಿ?" ಎನ್ನುತ್ತಿದ್ದರು. ನಿಮ್ಮದೇ ದೊಡ್ಡಪ್ಪ ಎಂದರೆ, ಊಟಕ್ಕೆ ಕರೆದವರ ಮಾತು ತೆಗೆದುಹಾಕಬಾರದೆಂಬಂತೆ, ಮರ್ಯಾದೆಗೆ ಒಂಚೂರು ನಗುತ್ತಿದ್ದರು.